ಐದು ಸರ್ಕಾರಗಳ ಮೀನು, ಒಂದೇ ಲೆಕ್ಕ

ನಾನು ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಕೆಲಸ ಸಿಕ್ಕಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಈರಿ ಸರೋವರದ ಉತ್ತರ ದಡದಲ್ಲಿ. ಊರಿಗೆ ಬಂದಾಗ ಯಾರಾದರೂ ಏನು ಕೆಲಸ ಅಂತ ಕೇಳಿದರೆ, ಮೀನು ಎಣಿಸುತ್ತೇನೆ ಎನ್ನುತ್ತೇನೆ. ಅದು ನಿಜವೇ. ಆದರೆ ಎಣಿಸುವುದಕ್ಕಿಂತ ಜಾಸ್ತಿ ಹೊತ್ತು ಹೋಗುವುದು, ನಾವು ಎಣಿಸಿದ್ದನ್ನು ಉಳಿದ ನಾಲ್ಕು ಸರ್ಕಾರಗಳೂ ನಂಬುವ ಹಾಗೆ ಮಾಡುವುದರಲ್ಲಿ.

ಈರಿ ಸರೋವರ ಸುಮಾರು 25,700 ಚದರ ಕಿಲೋಮೀಟರ್ ಇದೆ. ಉತ್ತರಕ್ಕೆ ನಮ್ಮ ಒಂಟಾರಿಯೊ. ಆಚೆ ದಡದಲ್ಲಿ ಅಮೆರಿಕದ ಮಿಶಿಗನ್, ಓಹಿಯೊ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್. ಎರಡು ದೇಶಗಳ ಗಡಿ ನೀರಿನ ನಡುವೆಯೇ ಹಾದುಹೋಗುತ್ತದೆ. ಇಲ್ಲಿ ಎಲ್ಲರ ಕಣ್ಣೂ ಎರಡು ಮೀನಿನ ಮೇಲೆ: ವಾಲ್‌ಐ ಮತ್ತು ಯೆಲ್ಲೋ ಪರ್ಚ್. ನಾನು ಹೇಳಹೊರಟಿರುವುದು ಮುಖ್ಯವಾಗಿ ವಾಲ್‌ಐ ವಿಷಯ. ಕತ್ತಲಲ್ಲಿ ಬ್ಯಾಟರಿ ಬಿಟ್ಟರೆ ಕಣ್ಣು ಬೆಳ್ಳಗೆ ಹೊಳೆಯುವ, ಮುಳ್ಳು ಕಡಿಮೆ, ಮಾಂಸ ಗಟ್ಟಿ ಇರುವ ಒಳ್ಳೆಯ ತಿನ್ನುವ ಮೀನು.

ವಸಂತದಲ್ಲಿ, ಹಿಮ ಕರಗಿದ ಮೇಲೆ, ಇದು ಸರೋವರದ ಪಶ್ಚಿಮ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಓಹಿಯೊದ ಮೌಮಿ ಮತ್ತು ಸ್ಯಾಂಡಸ್ಕಿ ನದಿಗಳಿಗೆ ಹತ್ತುತ್ತದೆ, ಇಲ್ಲವೇ ನೀರಿನೊಳಗಿನ ಕಲ್ಲು ದಿಬ್ಬಗಳ ಮೇಲೆ ಮೊಟ್ಟೆ ಬಿಡುತ್ತದೆ. ಪಶ್ಚಿಮ ಭಾಗ ಬಹಳ ಆಳವಿಲ್ಲ, ಸರಾಸರಿ ಏಳು ಮೀಟರ್ ಅಷ್ಟೇ. ಬೇಸಿಗೆಯಲ್ಲಿ ಅಲ್ಲಿ ನೀರು ಬಿಸಿಯಾಗುತ್ತದೆ. ಆಗ ದೊಡ್ಡ ಮೀನುಗಳು, ಅದರಲ್ಲೂ ವಯಸ್ಸಾದ ಹೆಣ್ಣುಗಳು, ತಂಪು ಹುಡುಕಿಕೊಂಡು ಪೂರ್ವಕ್ಕೆ ಹೊರಡುತ್ತವೆ. ಕೆಲವು ನ್ಯೂಯಾರ್ಕ್ ದಡದವರೆಗೂ ಹೋಗುತ್ತವೆ. ಇನ್ನು ಕೆಲವು ಉತ್ತರಕ್ಕೆ ತಿರುಗಿ ಡೆಟ್ರಾಯಿಟ್ ನದಿ ಹತ್ತಿ ಹ್ಯೂರಾನ್ ಸರೋವರವನ್ನೇ ಸೇರುತ್ತವೆ. ಮುಂದಿನ ವಸಂತಕ್ಕೆ ಮತ್ತೆ ವಾಪಸ್. ಇದನ್ನು ಈಗ ಊಹೆ ಮಾಡಬೇಕಾಗಿಲ್ಲ. ಮೀನಿನ ಹೊಟ್ಟೆ ಕೊಯ್ದು ಬೆರಳಿನಷ್ಟು ಗಾತ್ರದ ಒಂದು ಟ್ಯಾಗ್ ಇಟ್ಟು ಹೊಲಿದು ಬಿಡುತ್ತೇವೆ. ಅದು ಆಗಾಗ ತನ್ನ ಸಂಕೇತವನ್ನು ಶಬ್ದವಾಗಿ ಕಳಿಸುತ್ತದೆ. ಸರೋವರದ ತಳದಲ್ಲಿ ಅಲ್ಲಲ್ಲಿ ಇಟ್ಟಿರುವ ಯಂತ್ರಗಳು ಅದನ್ನು ಕೇಳಿಸಿಕೊಂಡು ದಾಖಲು ಮಾಡುತ್ತವೆ. ಮೀನು ಹಿಡಿದವರು ಟ್ಯಾಗ್ ಮರಳಿಸಿದರೆ 100 ಡಾಲರ್ ಬಹುಮಾನ.

ಅಂದರೆ ಓಹಿಯೊದಲ್ಲಿ ಹುಟ್ಟಿದ ಮೀನನ್ನು ಒಂಟಾರಿಯೊದವರು ಬಲೆಗೆ ಹಾಕಬಹುದು, ಮಿಶಿಗನ್‌ನವರು ಗಾಳದಲ್ಲಿ ಹಿಡಿಯಬಹುದು, ನ್ಯೂಯಾರ್ಕಿನವರೂ ಹಿಡಿಯಬಹುದು. ಯಾರ ಮೀನು ಅಂತ ಕೇಳಿದರೆ ಉತ್ತರವೇ ಇಲ್ಲ, ಅಲ್ವಾ?

ಹಿಡಿಯುವ ರೀತಿಯೂ ಬೇರೆ ಬೇರೆ. ನಮ್ಮ ಕಡೆ ಇದು ಹೊಟ್ಟೆಪಾಡು. ವೀಟ್ಲಿ, ಕಿಂಗ್ಸ್‌ವಿಲ್‌ನಂಥ ಬಂದರುಗಳಿಂದ ದೋಣಿಗಳು ಹೊರಡುತ್ತವೆ. ಕಿವಿರು ಸಿಕ್ಕಿಕೊಳ್ಳುವ ಗಿಲ್ ನೆಟ್ ಬಿಡುತ್ತಾರೆ. ಒಬ್ಬೊಬ್ಬರಿಗೂ ಇಷ್ಟು ತೂಕ ಅಂತ ಕೋಟಾ ಇದೆ. ಓಹಿಯೊದಲ್ಲಿ ಗಿಲ್ ನೆಟ್ಟಿಗೆ ನಿಷೇಧ. ಅಲ್ಲಿ ವಾಲ್‌ಐ ಎಂದರೆ ಗಾಳ ಹಾಕುವವರ ಮೀನು, ರಜೆಯ ಮೀನು, ಬಾಡಿಗೆ ದೋಣಿಯವರ ಸಂಪಾದನೆ. ಪೋರ್ಟ್ ಕ್ಲಿಂಟನ್ ಎಂಬ ಊರಲ್ಲಿ ಹೊಸ ವರ್ಷದ ರಾತ್ರಿ ಹನ್ನೆರಡಕ್ಕೆ ದೊಡ್ಡದೊಂದು ವಾಲ್‌ಐ ಬೊಂಬೆಯನ್ನು ಮೇಲಿಂದ ಇಳಿಸುತ್ತಾರೆ, ಜನ ಸೇರಿ ಕುಣಿಯುತ್ತಾರೆ. ಅಷ್ಟು ಪ್ರೀತಿ. ಬಲೆಯವರಿಗೆ ಗಾಳದವರ ಮೇಲೆ ಅನುಮಾನ, ಗಾಳದವರಿಗೆ ಬಲೆಯವರ ಮೇಲೆ ಇನ್ನೂ ಜಾಸ್ತಿ ಅನುಮಾನ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೋಣಿಯ ಯಜಮಾನರೊಬ್ಬರು ನೇರವಾಗಿ ಕೇಳಿದ್ದರು: "ಆಚೆ ದಡದಲ್ಲಿ ಅಷ್ಟೊಂದು ಜನ ಗಾಳ ಹಾಕ್ತಾರಲ್ಲ, ಅವರು ಎಷ್ಟು ಹಿಡಿದ್ರು ಅಂತ ಯಾರು ತೂಕ ಮಾಡ್ತಾರೆ?" ಕೇಳಬೇಕಾದ ಪ್ರಶ್ನೆಯೇ ಅದು.

ಒಬ್ಬೊಬ್ಬರೇ ತಮ್ಮ ಪಾಡಿಗೆ ಹಿಡಿದರೆ ಏನಾಗುತ್ತದೆ ಅಂತ ಈ ಸರೋವರ ಒಮ್ಮೆ ತೋರಿಸಿದೆ. ಬ್ಲೂ ಪೈಕ್ ಎಂಬ ಮೀನಿತ್ತು, ವಾಲ್‌ಐನ ತೀರಾ ಹತ್ತಿರದ ಬಳಗ. ಟನ್ನುಗಟ್ಟಲೆ ಸಿಗುತ್ತಿತ್ತು. 1950ರ ದಶಕದ ಕೊನೆಗೆ ಕುಸಿಯಿತು. 1983ರಲ್ಲಿ ಅದು ನಿರ್ವಂಶವಾಯಿತೆಂದು ಅಮೆರಿಕ ಘೋಷಿಸಿತು. ನಮ್ಮ ಹಳೆಯ ಮೀನುಗಾರರ ಮನೆಗಳಲ್ಲಿ ಅದರ ಫೋಟೋಗಳಿವೆ. ನನಗೆ ಆ ಫೋಟೋ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಟ್ಟಾಗುವ ಪ್ರಯತ್ನವೇನೂ ಸುಲಭವಾಗಿ ಆಗಲಿಲ್ಲ. 1946ರಲ್ಲಿ ಎರಡು ದೇಶಗಳೂ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ಮೀನುಗಾರಿಕೆಯ ನಿಯಮ ಮಾಡುವ ಅಧಿಕಾರ ಒಂದು ಜಂಟಿ ಸಂಸ್ಥೆಗೆ ಹೋಗಬೇಕಿತ್ತು. ರಾಜ್ಯಗಳ ಕಡೆಯಿಂದ ವಿರೋಧ ಬಂತು, ಅದು ಜಾರಿಗೆ ಬರಲೇ ಇಲ್ಲ. ಕೊನೆಗೆ ಎಲ್ಲರನ್ನೂ ಒಂದು ಕಡೆ ತಂದದ್ದು ಸೀ ಲ್ಯಾಂಪ್ರೆ. ದವಡೆ ಇಲ್ಲದ, ಬಾಯಿ ತುಂಬ ಹಲ್ಲಿರುವ ಉದ್ದನೆಯ ಪರಾವಲಂಬಿ ಅದು. ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದೊಂದು ಲ್ಯಾಂಪ್ರೆ ತನ್ನ ಜೀವಮಾನದಲ್ಲಿ 18 ಕಿಲೋವರೆಗೆ ಮೀನು ಸಾಯಿಸಬಲ್ಲದು. ನಯಾಗರಾ ಜಲಪಾತ ಅದನ್ನು ತಡೆದು ನಿಲ್ಲಿಸಿತ್ತು. ಹಡಗುಗಳಿಗಾಗಿ ವೆಲ್ಲಂಡ್ ಕಾಲುವೆ ಆದ ಮೇಲೆ ದಾರಿ ಸಿಕ್ಕಿತು. 1921ರಲ್ಲಿ ಈರಿಯಲ್ಲಿ ಕಾಣಿಸಿತು, ಆಮೇಲೆ ಮೇಲಿನ ಸರೋವರಗಳಿಗೂ ನುಗ್ಗಿತು. ಇದನ್ನು ಒಂದು ರಾಜ್ಯ ಒಂಟಿಯಾಗಿ ಎದುರಿಸಲು ಆಗುವುದಿಲ್ಲ. ಹೀಗಾಗಿ 1954ರಲ್ಲಿ ಹೊಸ ಒಪ್ಪಂದ ಆಯಿತು, ಗ್ರೇಟ್ ಲೇಕ್ಸ್ ಫಿಶರಿ ಕಮಿಷನ್, ಅಂದರೆ ಈರಿಯೂ ಸೇರಿದ ಮಹಾಸರೋವರಗಳ ಮೀನುಗಾರಿಕಾ ಆಯೋಗ, ಹುಟ್ಟಿತು.

ಈ ಕಮಿಷನ್ನಿಗೆ ಲ್ಯಾಂಪ್ರೆ ಹತೋಟಿ ಮಾಡುವ ಕೆಲಸ ಇದೆ, ಸಂಶೋಧನೆಯ ಕೆಲಸ ಇದೆ. ಇಷ್ಟೇ ಮೀನು ಹಿಡಿಯಿರಿ ಎಂದು ಯಾರಿಗೂ ಆಜ್ಞೆ ಮಾಡುವ ಅಧಿಕಾರ ಮಾತ್ರ ಇಲ್ಲ. ಅದು ರಾಜ್ಯಗಳ ಕೈಯಲ್ಲಿ, ನಮ್ಮ ಪ್ರಾಂತ್ಯದ ಕೈಯಲ್ಲಿ ಉಳಿದಿದೆ. 1981ರಲ್ಲಿ ಎಲ್ಲರೂ ಸೇರಿ ಒಂದು ಜಂಟಿ ಯೋಜನೆಗೆ ಸಹಿ ಹಾಕಿದರು. ಅದಕ್ಕೆ ಕಾನೂನಿನ ಬಲ ಇಲ್ಲ. ಒಮ್ಮತದಿಂದ ತೀರ್ಮಾನ ಮಾಡೋಣ, ಒಬ್ಬರ ತೀರ್ಮಾನದಿಂದ ಇನ್ನೊಬ್ಬರಿಗೆ ತೊಂದರೆ ಆಗುವಂತಿದ್ದರೆ ಮೊದಲೇ ಹೇಳೋಣ, ಲೆಕ್ಕ ಹಂಚಿಕೊಳ್ಳೋಣ. ಅಷ್ಟೇ ಮಾತು. ಹೊರಗಿನವರಿಗೆ ಇದು ಸುಮ್ನೆ ಕಾಗದ ಅನಿಸಬಹುದು. ಒಳಗೆ ಕೂತು ನೋಡಿದ ನನಗೆ ಹಾಗನಿಸುವುದಿಲ್ಲ. ಅಧಿಕಾರ ಇಲ್ಲದ ಕಡೆ ಲೆಕ್ಕಕ್ಕೆ ಬೆಲೆ ಬರುತ್ತದೆ. ಲೆಕ್ಕ ಸಂಶಯಾಸ್ಪದವಾದರೆ ಅಲ್ಲಿ ಹಿಡಿದು ನಿಲ್ಲಿಸುವುದು ಬೇರೇನೂ ಇಲ್ಲ.

ಆದ್ದರಿಂದ ನಮ್ಮ ವರ್ಷದ ಕೆಲಸವೆಲ್ಲ ಲೆಕ್ಕದ ಸುತ್ತಲೇ. ಆಗಸ್ಟ್‌ನಲ್ಲಿ ಪಶ್ಚಿಮ ಭಾಗದಲ್ಲಿ ನಾವೂ ಓಹಿಯೊದವರೂ ತಳದಲ್ಲಿ ಟ್ರಾಲ್ ಬಲೆ ಎಳೆದು ಆ ವರ್ಷ ಹುಟ್ಟಿದ ಮರಿಗಳನ್ನು ಎಣಿಸುತ್ತೇವೆ. ಈ ಮರಿಗಳು ಎರಡನೇ ವಯಸ್ಸಿಗೆ ಮೀನುಗಾರರ ಕೈಗೆ ಬರುತ್ತವೆ. ಹಾಗಾಗಿ ಎರಡು ವರ್ಷ ಮುಂದಿನದು ಒಂದಿಷ್ಟು ಮೊದಲೇ ಗೊತ್ತಾಗುತ್ತದೆ. ಇಲ್ಲಿ ಒಂದು ತೊಡಕಿದೆ. ಎರಡು ಹಡಗು ಒಂದೇ ಜಾಗದಲ್ಲಿ, ಒಂದೇ ಹೊತ್ತಲ್ಲಿ ಎಳೆದರೂ ಒಂದೇ ಸಮ ಮೀನು ಬೀಳುವುದಿಲ್ಲ. ಬಲೆಯ ಬಾಯಿ, ಎಂಜಿನ್ ಬಲ, ಎಳೆಯುವ ವೇಗ ಎಲ್ಲ ಬೇರೆ. ಅದಕ್ಕೆ ಹಡಗುಗಳನ್ನು ಪಕ್ಕಪಕ್ಕ ಓಡಿಸಿ, ಯಾರ ಬಲೆಗೆ ಎಷ್ಟು ಬೀಳುತ್ತದೆ ನೋಡಿ, ಒಂದರ ಲೆಕ್ಕವನ್ನು ಇನ್ನೊಂದರ ಲೆಕ್ಕಕ್ಕೆ ಹೊಂದಿಸುವ ಗುಣಾಂಕ ಕಂಡುಕೊಳ್ಳುತ್ತಾರೆ. ಬೇಸರದ ಕೆಲಸ. ಆದರೆ ಈ ಗುಣಾಂಕ ಇಲ್ಲದಿದ್ದರೆ, ಕೋಟಾ ನಿರ್ಧರಿಸುವ ಮಾರ್ಚ್ ಸಭೆಯಲ್ಲಿ ಮೊದಲ ಹತ್ತು ನಿಮಿಷಕ್ಕೇ ಜಗಳ.

ಶರತ್ಕಾಲದ ಬಲೆ ಸಮೀಕ್ಷೆ ನನಗೆ ಇಷ್ಟದ ಕೆಲಸ. ಕೆನಡಾ ಕಡೆಯ ನೀರಿನಲ್ಲಿ ಇದನ್ನು ನಮ್ಮ ಇಲಾಖೆ ಮತ್ತು ಮೀನುಗಾರರ ಸಂಘ ಸೇರಿ 1989ರಿಂದ ನಡೆಸುತ್ತಿವೆ. ಬಾಡಿಗೆಗೆ ತೆಗೆದುಕೊಳ್ಳುವುದು ಮೀನುಗಾರರದ್ದೇ ದೋಣಿ. ಬಲೆಯ ಕಣ್ಣು ಒಂದೂಕಾಲು ಇಂಚಿನಿಂದ ಆರು ಇಂಚಿನವರೆಗೆ, ಬೇರೆ ಬೇರೆ ಅಳತೆಯ ತುಂಡುಗಳನ್ನು ಸಾಲಾಗಿ ಕಟ್ಟಿರುತ್ತೇವೆ. ಸಣ್ಣದೂ ಸಿಗಬೇಕು, ದೊಡ್ಡದೂ ಸಿಗಬೇಕು. ಎಲ್ಲಿ ಬಿಡಬೇಕು ಅನ್ನುವುದನ್ನು ದೋಣಿಯವರು ಆರಿಸುವ ಹಾಗಿಲ್ಲ, ಜಾಗ ಮೊದಲೇ ಗೊತ್ತುಮಾಡಿರುತ್ತದೆ. ಮೀನು ಇರುವ ಕಡೆ ಬಲೆ ಹಾಕುವುದೇ ಅವರ ಕಸುಬು. ಮೀನಿಲ್ಲದ ಕಡೆ ಹಾಕಿಸಿದರೆ ಅವರಿಗೆ ಕೈ ಕಟ್ಟಿದ ಹಾಗಾಗುತ್ತದೆ. "ಇಲ್ಲಿ ಏನೂ ಬೀಳಲ್ಲ ಅಂತ ನನಗೆ ಗೊತ್ತು" ಎನ್ನುತ್ತಾರೆ. ಬೀಳುವುದಿಲ್ಲ ಅನ್ನುವುದನ್ನೂ ಬರೆದುಕೊಳ್ಳಬೇಕಲ್ಲ ಎನ್ನುತ್ತೇನೆ. ಬೆಳಿಗ್ಗೆ ಬಲೆ ಎತ್ತುವಾಗ ಬಿಡಿಸಿದ ಮೀನೆಲ್ಲ ಯಾವ ಕಣ್ಣಿನದೋ ಆ ಬುಟ್ಟಿಗೇ ಬೀಳಬೇಕು. ತಣ್ಣೀರಿಗೆ ಬೆರಳು ಮರಗಟ್ಟಿರುತ್ತದೆ. ಒಂದು ಮೀನು ತಪ್ಪು ಬುಟ್ಟಿಗೆ ಹೋದರೆ ಆ ಗಾತ್ರದ ಲೆಕ್ಕವೇ ಏರುಪೇರು.

ಆಮೇಲೆ ವಯಸ್ಸು. ತಲೆಯೊಳಗೆ, ಮಿದುಳಿನ ಕೆಳಗೆ ಎರಡು ಪುಟ್ಟ ಕಲ್ಲುಗಳಿರುತ್ತವೆ. ಕಿವಿಗಲ್ಲು ಅನ್ನೋಣ. ಅದನ್ನು ಚಿಮುಟದಲ್ಲಿ ತೆಗೆದು, ಒಣಗಿಸಿ, ಅಡ್ಡಕ್ಕೆ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ವರ್ಷಕ್ಕೊಂದು ಗೆರೆ ಕಾಣುತ್ತದೆ. ಮೊದಮೊದಲ ಗೆರೆಗಳು ಅಗಲ ಅಗಲ. ಅಂಚಿಗೆ ಹೋದಂತೆ ಒತ್ತಾಗುತ್ತವೆ. ಹುರುಪೆಯಲ್ಲೂ ಗೆರೆ ಎಣಿಸಬಹುದು, ಆದರೆ ಮುದಿ ಮೀನಿನಲ್ಲಿ ಅಂಚಿನ ಗೆರೆಗಳು ಒಂದರ ಮೇಲೊಂದು ಕೂತು ವಯಸ್ಸು ಕಡಿಮೆ ಕಾಣುತ್ತದೆ. ಕಿವಿಗಲ್ಲಲ್ಲಿ ಆ ಅಪಾಯ ಕಡಿಮೆ. ನಾವು ಮಾಡುವುದೇನೆಂದರೆ, ಒಂದೇ ಕಲ್ಲುಗಳ ಡಬ್ಬಿಯನ್ನು ಬೇರೆ ಬೇರೆ ಕಚೇರಿಗಳಿಗೆ ಕಳಿಸುತ್ತೇವೆ. ಯಾರು ಎಷ್ಟು ಗೆರೆ ಎಣಿಸಿದರು ಅಂತ ಮತ್ತೊಬ್ಬರಿಗೆ ತಿಳಿಸುವುದಿಲ್ಲ. ಕೊನೆಗೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ವ್ಯತ್ಯಾಸ ಬಂದ ಕಲ್ಲುಗಳನ್ನು ಪರದೆಯ ಮೇಲೆ ಹಾಕಿಕೊಂಡು ಎರಡು ದೇಶದವರೂ ಕೂತು ಗೆರೆ ಎಣಿಸುತ್ತೇವೆ. ಐದು ಸರ್ಕಾರಗಳ ನಡುವಿನ ವಿಶ್ವಾಸ ಹುಟ್ಟುವುದು ಆ ಕೋಣೆಯಲ್ಲಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮಂತ್ರಿಗಳ ಸಭೆಯಲ್ಲಿ ಅಲ್ಲ.

ದೋಣಿಯ ಯಜಮಾನರ ಪ್ರಶ್ನೆಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. ನಮ್ಮ ಬಲೆಯವರು ನಿಗದಿಯಾದ ಬಂದರಿನಲ್ಲೇ ಮೀನು ಇಳಿಸಬೇಕು, ದಿನದ ವರದಿ ಬರೆಯಬೇಕು, ಅಲ್ಲಿ ತೂಕ ಆಗುತ್ತದೆ. ಆಚೆ ಗಾಳದವರ ಮೀನನ್ನೆಲ್ಲ ತೂಗಲು ಆಗುವುದಿಲ್ಲ. ಓಹಿಯೊದ ಸಿಬ್ಬಂದಿ ದೋಣಿ ಇಳಿಯುವ ಜಾಗಗಳಲ್ಲಿ ನಿಂತು, ಬಂದವರನ್ನು ಮಾತಾಡಿಸಿ, ಎಷ್ಟು ಗಂಟೆ ಗಾಳ ಹಾಕಿದಿರಿ, ಎಷ್ಟು ಸಿಕ್ಕಿತು ಎಂದು ಕೇಳಿ, ಮೀನು ಅಳೆದು ಅಂದಾಜು ಕಟ್ಟುತ್ತಾರೆ. ಈ ಅಂದಾಜಿನ ವಿಧಾನ ನಮ್ಮ ಮುಂದೆ ತೆರೆದಿರುತ್ತದೆ. ವಾಲ್‌ಐ ಕೋಟಾ ಇರುವುದು ಮೀನಿನ ಸಂಖ್ಯೆಯಲ್ಲಿ, ನಮ್ಮ ಬಲೆಯವರ ಲೆಕ್ಕ ತೂಕದಲ್ಲಿ. ತೂಕವನ್ನು ಸಂಖ್ಯೆಗೆ ಬದಲಾಯಿಸುವ ನಮ್ಮ ವಿಧಾನವೂ ಅವರ ಮುಂದೆ ತೆರೆದಿರುತ್ತದೆ.

ಮಾರ್ಚ್‌ನಲ್ಲಿ ಸಭೆ. ಐದು ಸರ್ಕಾರಗಳಿಂದ ಒಬ್ಬೊಬ್ಬ ಪ್ರತಿನಿಧಿ ಇರುವ ಈರಿ ಸರೋವರ ಸಮಿತಿ ಆ ವರ್ಷ ಒಟ್ಟು ಎಷ್ಟು ವಾಲ್‌ಐ ಹಿಡಿಯಬಹುದು ಎಂದು ನಿರ್ಧರಿಸುತ್ತದೆ. ಅಲ್ಲಿ ಪಾಲಿನ ಮೇಲೆ ಚೌಕಾಸಿ ನಡೆಯುವುದಿಲ್ಲ. ಕೋಟಾ ವ್ಯಾಪ್ತಿಯಲ್ಲಿ ಯಾರ ನೀರು ಎಷ್ಟು ವಿಸ್ತಾರ ಇದೆಯೋ ಅದರಂತೆ ಪಾಲು ಮೊದಲೇ ಕಟ್ಟಾಗಿದೆ: ಓಹಿಯೊಗೆ ಶೇ. 51, ಒಂಟಾರಿಯೊಗೆ ಶೇ. 43, ಮಿಶಿಗನ್‌ಗೆ ಸುಮಾರು ಶೇ. 6. ಇದು ಪರಿಪೂರ್ಣ ನ್ಯಾಯವೋ ಅಲ್ಲವೋ, ವಾದ ಮಾಡಬಹುದು. ಆದರೆ ಪಾಲು ಒಮ್ಮೆ ಕಟ್ಟಾದ್ದರಿಂದ ಸಂಖ್ಯೆಯನ್ನು ಏರಿಸಿ ತೋರಿಸಿ ಯಾರೂ ತಮ್ಮೊಬ್ಬರಿಗೇ ಲಾಭ ಮಾಡಿಕೊಳ್ಳಲು ಆಗುವುದಿಲ್ಲ. ಏರಿದರೆ ಎಲ್ಲರಿಗೂ ಏರುತ್ತದೆ, ಇಳಿದರೆ ಎಲ್ಲರಿಗೂ ಇಳಿಯುತ್ತದೆ.

ಇಳಿದದ್ದೂ ಇದೆ. 2003ರಲ್ಲಿ ಹುಟ್ಟಿದ ಮರಿಗಳು ಬಹಳ ವರ್ಷ ಸರೋವರವನ್ನು ಸಾಕಿದವು. ಆಮೇಲಿನ ವರ್ಷಗಳಲ್ಲಿ ಅಂಥ ಮರಿ ಹುಟ್ಟಲಿಲ್ಲ. 2010ರಲ್ಲಿ ಒಟ್ಟು ಕೋಟಾ 22 ಲಕ್ಷ ಮೀನಿಗೆ ಇಳಿಯಿತು. ಬಲೆಯವರಿಗೆ ಸಾಲದ ಕಂತು ಕಟ್ಟುವುದೇ ಕಷ್ಟ. ಅದೇ ವರ್ಷ ಒಂದು ಹೊಸ ದಾರಿ ತೆರೆಯಿತು. ಬಲೆಯವರು, ಗಾಳದವರು, ಇಲಾಖೆಯವರು, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಲೆಕ್ಕದವರು ಒಂದೇ ಮೇಜಿಗೆ ಕೂತರು. ಎಷ್ಟು ಹಿಡಿಯಬೇಕು ಎಂದು ಪ್ರತಿವರ್ಷ ಎಳೆದಾಡುವ ಬದಲು, ಮೀನು ಇಷ್ಟಿದ್ದರೆ ಇಷ್ಟು ಹಿಡಿಯೋಣ ಎನ್ನುವ ನಿಯಮವನ್ನೇ ಮೊದಲು ಒಪ್ಪಿಕೊಳ್ಳೋಣ ಎಂಬ ಯೋಚನೆ. ಅಲ್ಲಿ ಬಲೆಯವರು ಮತ್ತು ಬಾಡಿಗೆ ದೋಣಿಯವರು ಇಬ್ಬರೂ ಬೇಕೆಂದದ್ದು ಒಂದೇ: ವರ್ಷದಿಂದ ವರ್ಷಕ್ಕೆ ಕೋಟಾ ಹುಚ್ಚಾಪಟ್ಟೆ ಏರಿಳಿಯಬಾರದು. ಅದಕ್ಕೆ ಒಂದು ವರ್ಷದಲ್ಲಿ ಶೇ. 20ಕ್ಕಿಂತ ಹೆಚ್ಚು ಬದಲಾವಣೆ ಬೇಡ ಎಂದಾಯಿತು. 2015ರ ಮರಿಗಳು ಚೆನ್ನಾಗಿ ಬಂದಾಗಲೂ ಎಲ್ಲರೂ ಆ ಮಿತಿಗೆ ಬದ್ಧರಾಗಿದ್ದರು. 2019ರಲ್ಲಿ 85.31 ಲಕ್ಷ, 2020ರಲ್ಲಿ 102.37 ಲಕ್ಷ, 2021ರಲ್ಲಿ 122.84 ಲಕ್ಷ. ಪ್ರತಿಸಲ ಸರಿಯಾಗಿ ಶೇ. 20. ಸರೋವರದಲ್ಲಿ ಮೀನು ಕಣ್ಣಿಗೆ ಕಾಣುವಷ್ಟಿದ್ದಾಗಲೂ ಕೈ ಬಿಗಿಹಿಡಿಯುವುದು ಸಣ್ಣ ಮಾತಲ್ಲ.

ಕರ್ನಾಟಕದ ಗೆಳೆಯರು ಇದು ನಮ್ಮಲ್ಲಿ ಆಗುತ್ತದೆಯೇ ಎಂದು ಕೇಳುತ್ತಾರೆ. ನಮ್ಮಲ್ಲಿ ನದಿ ಹಂಚಿಕೆ ಎಂದರೆ ಟಿಎಂಸಿ. ಕಾವೇರಿಯ ವಿಷಯದಲ್ಲಿ ಎಷ್ಟೇ ಜಗಳವಿದ್ದರೂ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪಕ ಇದೆ. ಎರಡೂ ರಾಜ್ಯ ಅಲ್ಲಿನ ಅಂಕಿಯನ್ನು ಮುಂದಿಟ್ಟುಕೊಂಡೇ ವಾದ ಮಾಡುತ್ತವೆ. ಮೀನಿಗೂ ಅಂಥದ್ದೊಂದು ಅಂಕಿ ಬೇಕು. ಹೊಗೇನಕಲ್‌ನಲ್ಲಿ ತೆಪ್ಪ ಹಾಕುವವರಿಗೆ ಗಡಿಯ ಎರಡೂ ಕಡೆ ಒಂದೇ ಮೀನು. ರಾಯಚೂರಿನಿಂದ ಕೆಳಗೆ ಕೃಷ್ಣೆಯಲ್ಲೂ ಹಾಗೇ. ದೊಡ್ಡ ಒಪ್ಪಂದಕ್ಕೆ ಕಾಯುವ ಅಗತ್ಯ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಎರಡೂ ರಾಜ್ಯದ ಮೀನುಗಾರಿಕೆ ಇಲಾಖೆಯವರು ಒಂದೇ ಅಳತೆಯ ಬಲೆ, ಒಂದೇ ತಿಂಗಳು, ಒಂದೇ ನಮೂನೆಯ ಪುಸ್ತಕ ಇಟ್ಟುಕೊಂಡು ಎಣಿಸಲು ಶುರು ಮಾಡಬಹುದು. ಸ್ಥಳೀಯ ಮೀನುಗಾರರ ತೆಪ್ಪದಲ್ಲೇ ಹೋಗಲಿ. ಅಲ್ಲಿ ಎಲ್ಲರಿಗಿಂತ ಮೊದಲು ಮೀನಿನ ಏರಿಳಿತ ಗೊತ್ತಾಗುವುದು ಅವರಿಗೇ.

ನಮ್ಮಲ್ಲೂ ಎಲ್ಲ ಬಗೆಹರಿದಿಲ್ಲ. ಈ ಕೋಟಾ ಇರುವುದು ಪಶ್ಚಿಮ ಮತ್ತು ಮಧ್ಯ ಭಾಗಕ್ಕೆ ಮಾತ್ರ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಇದರ ಹೊರಗಿವೆ, ತಮ್ಮ ನೀರಿಗೆ ತಾವೇ ನಿಯಮ ಮಾಡಿಕೊಳ್ಳುತ್ತವೆ. ಆದರೆ ಟ್ಯಾಗ್ ಹಾಕಿದ ಮೀನುಗಳು ಹೇಳುತ್ತಿರುವುದು, ಬೇಸಿಗೆಯಲ್ಲಿ ಪೂರ್ವದಲ್ಲಿ ಸಿಗುವ ದೊಡ್ಡ ಮೀನಿನಲ್ಲಿ ಪಶ್ಚಿಮದಲ್ಲಿ ಹುಟ್ಟಿದ್ದೂ ಬಹಳ ಇದೆ ಅಂತ. ಪೂರ್ವದಲ್ಲೇ ಮೊಟ್ಟೆ ಇಡುವ ಮೀನುಗಳೂ ಇವೆ, ಅವುಗಳ ಸಂಖ್ಯೆ ಕಡಿಮೆ. ಎರಡೂ ಬೆರೆತು ಈಜುವಾಗ ಗಾಳಕ್ಕೆ ಬಿದ್ದದ್ದು ಯಾವುದು ಎಂದು ಹೇಗೆ ಹೇಳುವುದು? ಟ್ಯಾಗಿನ ದಾಖಲೆ ಮತ್ತು ಮೀನಿನ ವಂಶವಾಹಿ ಎರಡನ್ನೂ ಸೇರಿಸಿ ಈ ಪಾಲನ್ನು ಬೇರ್ಪಡಿಸುವ ಕೆಲಸ ಈಗ ನಮ್ಮ ಮುಂದಿದೆ. ಆ ಲೆಕ್ಕ ಕೈಗೆ ಬಂದ ಮೇಲೆ ಕೋಟಾದ ಗೆರೆಯನ್ನು ಪೂರ್ವಕ್ಕೆ ಎಳೆಯಬೇಕೇ ಬೇಡವೇ ಎಂಬ ಮಾತು ಬರುತ್ತದೆ.