ಎಂಜಿನ್ ಬಲ ಹೆಚ್ಚಿಸುವ ಮೊದಲು ಹಿಂದಿನ ಆಕ್ಸಲ್ ನೋಡಿಕೊಳ್ಳಿ

ನನ್ನ ಗ್ಯಾರೇಜಿನ ಕಿಟಕಿ ಪಕ್ಕ ಒಂದು ತುಂಡಾದ ಆಕ್ಸಲ್ ಶಾಫ್ಟ್, ಅಂದರೆ ಚಕ್ರ ತಿರುಗಿಸುವ ಉಕ್ಕಿನ ಸರಳು, ಇದೆ. ಶಾಫ್ಟಿನ ತುದಿಯಲ್ಲಿ ಸ್ಪ್ಲೈನ್ ಅನ್ನುವ ಉದ್ದುದ್ದ ಹಲ್ಲುಗಳಿರುತ್ತವೆ. ಗೆರೆ ಎಳೆದ ಹಾಗೆ ನೇರವಾಗಿರಬೇಕು. ಇದರಲ್ಲಿ ಅವು ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡಿವೆ. ಆ ತಿರುಚು ಮುಗಿಯುವಲ್ಲೇ ಶಾಫ್ಟ್ ಕಡಿದಿದೆ. ಸ್ನೇಹಿತರೊಬ್ಬರ ಕಾರಿನದು. ಆ ವರ್ಷ ಅವರು ಎಂಜಿನ್ ಮುಟ್ಟಿರಲೇ ಇಲ್ಲ. ಹೊಸದಾಗಿ ಹಾಕಿಸಿದ್ದು ರಸ್ತೆಗೆ ಅಂಟಿಕೊಳ್ಳುವ ಡ್ರ್ಯಾಗ್ ಟೈರ್ ಮಾತ್ರ.

ನಾನಿರುವ ಮಿಶಿಗನ್‌ನಲ್ಲಿ ಹಳೆ ಅಮೆರಿಕನ್ ಕಾರು ತಂದು ಬಲ ಹೆಚ್ಚಿಸಿಕೊಳ್ಳುವ ಹವ್ಯಾಸ ಜೋರು. ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರು ಸಾಮಾನ್ಯವಾಗಿ ಕೇಳುವುದು ಒಂದೇ: "600 ಎಚ್‌ಪಿಗೆ ಯಾವ ಆಕ್ಸಲ್ ಹಾಕ್ಲಿ?" ಬರೀ ಎಚ್‌ಪಿ ಹೇಳಿದರೆ ಉತ್ತರ ಕೊಡಲು ಆಗುವುದಿಲ್ಲ. ಕಾರಿನ ತೂಕ ಎಷ್ಟು, ಟೈರ್ ಯಾವುದು, ಕ್ಲಚ್ ಇದೆಯಾ ಅಥವಾ ಆಟೊಮ್ಯಾಟಿಕ್ಕಾ, ಇವೆಲ್ಲ ಗೊತ್ತಾಗಬೇಕು.

ಮೊದಲು ಪೆನ್ನು, ಕಾಗದ

1998ರ ಶೆವರ್ಲೆ ಕಮಾರೋ ಝಡ್28 ತೆಗೆದುಕೊಳ್ಳೋಣ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 454 ನ್ಯೂಟನ್ ಮೀಟರ್. ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಮೊದಲ ಗೇರ್ ಅನುಪಾತ 2.66. ಹಿಂದಿನ ಆಕ್ಸಲ್‌ನದು 3.42. ಮೂರನ್ನೂ ಗುಣಿಸಿ. ಸುಮಾರು 4,130 ಬರುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ ಹಿಂದಿನ ಚಕ್ರಗಳಿಗೆ ಕೊಡಬಲ್ಲ ಟಾರ್ಕ್ ಅಷ್ಟು.

ಈಗ ಟೈರಿನ ಕಡೆಯಿಂದ ಲೆಕ್ಕ ಮಾಡಿ. ಕಾರಿನ ತೂಕ 1,600 ಕೆ.ಜಿ., ಚಕ್ರದ ನಡುವಿನಿಂದ ನೆಲಕ್ಕೆ 0.33 ಮೀಟರ್ ಅಂತಿಟ್ಟುಕೊಳ್ಳಿ. ಮಾಮೂಲಿ ಟೈರಿನಲ್ಲಿ ಹೊರಡುವಾಗ ಹಿಂದಿನ ಚಕ್ರಗಳ ಮೇಲೆ ಶೇ 60ರಷ್ಟು ತೂಕ, ಹಿಡಿತ 0.9 ಅಂತ ಹಿಡಿಯಿರಿ. 1,600 × 9.8 (ಗುರುತ್ವ) × 0.6 × 0.9 × 0.33 ಗುಣಿಸಿ. ಆ ಟೈರ್ ಸುಮಾರು 2,800 ನ್ಯೂಟನ್ ಮೀಟರ್ ತನಕ ತಡೆಯುತ್ತದೆ, ಆಮೇಲೆ ಜಾರುತ್ತದೆ. ಜಾರಿದಾಗ ಆಕ್ಸಲ್ ಬಚಾವ್. ಡ್ರ್ಯಾಗ್ ಟೈರ್ ಹಾಕಿ. ತೂಕ ಹಿಂದಕ್ಕೆ ವಾಲಿ ಶೇ 80 ಆಯಿತು, ಹಿಡಿತ 1.5 ಆಯಿತು ಅಂದರೆ ಸುಮಾರು 6,200 ತನಕ ಟೈರ್ ಜಾರುವುದೇ ಇಲ್ಲ. ಎಂಜಿನ್ ಕೊಡುವುದಷ್ಟೂ ಆಕ್ಸಲ್ ಮೇಲೇ ಬೀಳುತ್ತದೆ. ಜೋರಾಗಿ ಎಂಜಿನ್ ತಿರುಗಿಸಿ ಕ್ಲಚ್ ಥಟ್ಟನೆ ಬಿಟ್ಟರೆ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್‌ನ ಹೊಡೆತ ಅದರ ಮೇಲೆ ಬೇರೆ.

ನನ್ನ ಸ್ನೇಹಿತರ ಶಾಫ್ಟ್ ಮುರಿದದ್ದು ಹೀಗೇ. ನಿಮ್ಮ ಕಾರಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಎರಡು ಉತ್ತರಗಳಲ್ಲಿ ಯಾವುದು ಚಿಕ್ಕದೋ ಅಷ್ಟನ್ನು ಆಕ್ಸಲ್ ತಾಳಬೇಕು. ಕ್ಲಚ್ ಕಾರಾದರೆ ಅದಕ್ಕಿಂತ ಧಾರಾಳವಾಗಿ ಜಾಸ್ತಿ ಇಟ್ಟುಕೊಳ್ಳಿ.

ಹೌಸಿಂಗ್ (ಆಕ್ಸಲ್‌ನ ಹೊರಕವಚ) ಆರಿಸುವುದು

ಆಕ್ಸಲ್‌ಗಳನ್ನು ಕ್ರೌನ್ ವೀಲಿನ ಅಡ್ಡಳತೆಯಿಂದ ಗುರುತಿಸುತ್ತಾರೆ. ಕ್ರೌನ್ ಅಂದರೆ ಒಳಗಿನ ದೊಡ್ಡ ಗೇರ್, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್. ಆ ಕಮಾರೋದಲ್ಲಿ ಇರುವುದು 7.625 ಇಂಚಿನದು. ಬಲ ಹೆಚ್ಚಿಸಿದವರು ಮೊದಲು ಬದಲಾಯಿಸುವುದು ಇದನ್ನೇ.

ಖರ್ಚು ಕಡಿಮೆ ಇರಲಿ ಅನ್ನುವವರಿಗೆ ಫೋರ್ಡ್ 8.8 ಒಳ್ಳೆಯದು. ವಿ8 ಎಂಜಿನ್ನಿನ ಮಸ್ಟಾಂಗ್‌ಗೆ 1986ರಿಂದ ಇದೇ ಬಂತು. ಗುಜರಿಯಲ್ಲಿ 1995ರಿಂದ 2001ರ ಒಳಗಿನ ಫೋರ್ಡ್ ಎಕ್ಸ್‌ಪ್ಲೋರರ್ ಹುಡುಕಿ. 31 ಸ್ಪ್ಲೈನಿನ ಶಾಫ್ಟ್, ಡಿಸ್ಕ್ ಬ್ರೇಕ್ ಎರಡೂ ಜೊತೆಗೇ ಸಿಗುತ್ತವೆ. ಆದರೆ ಅದರ ಗೇರುಗಳಿರುವ ಉಬ್ಬು ಗೋಳ ಸರಿಯಾಗಿ ನಡುವೆ ಇಲ್ಲ, ಸ್ವಲ್ಪ ಬಲಕ್ಕಿದೆ. ಹಾಗಾಗಿ ಎಡಗಡೆಯ ಉದ್ದ ಕೊಳವೆ ಕತ್ತರಿಸಿ, ಎರಡೂ ಕಡೆ ಗಿಡ್ಡ ಶಾಫ್ಟನ್ನೇ ಹಾಕುವುದು ಇಲ್ಲಿನ ಮಾಮೂಲಿ ಉಪಾಯ. ಇನ್ನೊಂದು ಮಾತು. 8.8ರಲ್ಲಿ ಕೊಳವೆಗಳನ್ನು ನಡುವಿನ ಎರಕದ ಗೋಳದೊಳಗೆ ಒತ್ತಿ ಕೂರಿಸಿರುತ್ತಾರೆ. ಬಲ ಜಾಸ್ತಿಯಾದರೆ ಅವು ಒಳಗೇ ತಿರುಗಬಹುದು. ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕಿ ಪಳಗಿದವರ ಹತ್ತಿರ ಮೊದಲೇ ವೆಲ್ಡ್ ಮಾಡಿಸಿಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು ಫೋರ್ಡಿನ ಒಂಬತ್ತಿಂಚು. 1957ರಿಂದ 1986ರವರೆಗೆ ಫೋರ್ಡ್ ಕಾರು, ಟ್ರಕ್‌ಗಳಲ್ಲಿ ಬಂತು. ಇಂದಿಗೂ ಇದರ ಪ್ರತಿಯೊಂದು ಭಾಗವನ್ನೂ ಹೊಸದಾಗಿ ಮಾಡಿ ಮಾರುತ್ತಾರೆ. ಇದರಲ್ಲಿ ಪಿನಿಯನ್‌ನ ಹಿಂತುದಿಗೂ ಒಂದು ಬೇರಿಂಗ್ ಆಸರೆ ಇದೆ. ಭಾರ ಬಿದ್ದಾಗ ಪಿನಿಯನ್ ಕ್ರೌನ್‌ನಿಂದ ದೂರ ಸರಿಯಲು ಅದು ಬಿಡುವುದಿಲ್ಲ. ಇಡೀ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ) ಮುಂದುಗಡೆಯಿಂದ ಬಿಚ್ಚಿ ಹೊರಗೆ ಬರುತ್ತದೆ. ರಸ್ತೆಗೊಂದು, ರೇಸಿಗೊಂದು ಸಿದ್ಧ ಮಾಡಿಟ್ಟುಕೊಂಡರೆ ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದು. ಇದರ ಪಿನಿಯನ್ ತೀರಾ ಕೆಳಗೆ ಕೂರುವುದರಿಂದ ಹಲ್ಲುಗಳು ಜಾಸ್ತಿ ಉಜ್ಜುತ್ತವೆ. ಅದಕ್ಕೇ ಬಿಸಿ ಹೆಚ್ಚು, ಸ್ವಲ್ಪ ಬಲವೂ ಪೋಲು. ಮುರಿಯದ ಆಕ್ಸಲ್‌ಗೆ ನಾನು ಆ ಬೆಲೆ ಸಂತೋಷವಾಗಿ ಕೊಡುತ್ತೇನೆ.

ಇನ್ನೂ ಭಾರಿ ಕಾರಿಗೆ ಡೇನಾ 60 ಇದೆ. ಕ್ರೌನ್ 9.75 ಇಂಚು. ಗಟ್ಟಿ, ಆದರೆ ಭಾರ. ಹಗುರ ಕಾರಿಗೆ ಬೇಡ.

ಶಾಫ್ಟ್ ಮತ್ತು ಸಿ-ಕ್ಲಿಪ್

ತಿರುಚುವ ಬಲವನ್ನು ತಾಳುವ ಶಕ್ತಿ ಶಾಫ್ಟಿನ ದಪ್ಪದ ಘನದಷ್ಟು ಏರುತ್ತದೆ. 28 ಸ್ಪ್ಲೈನಿನ ಶಾಫ್ಟ್ ಸುಮಾರು 1.2 ಇಂಚು, 31ರದು 1.3, 35ರದು 1.5. ಉಕ್ಕು ಒಂದೇ ಆದರೆ 28ಕ್ಕಿಂತ 31 ಕಾಲು ಭಾಗ ಗಟ್ಟಿ, 35 ಹೆಚ್ಚೂಕಡಿಮೆ ಎರಡು ಪಟ್ಟು ಗಟ್ಟಿ.

ಇಲ್ಲಿ ದಯವಿಟ್ಟು ದುಡ್ಡು ಉಳಿಸಬೇಡಿ. ಕೆಲವು ಆಕ್ಸಲ್‌ಗಳಲ್ಲಿ ಶಾಫ್ಟನ್ನು ಹಿಡಿದಿಟ್ಟಿರುವುದು ಒಳತುದಿಯ ಒಂದು ಚಿಕ್ಕ ಸಿ-ಕ್ಲಿಪ್ ಮಾತ್ರ. ಶಾಫ್ಟ್ ಮುರಿದರೆ ಚಕ್ರ, ಬ್ರೇಕ್ ಸಮೇತ ಹೊರಗೆ ಜಾರಿ ಬರಬಹುದು. ಒಂಬತ್ತಿಂಚಿನಲ್ಲಿ ಬೇರಿಂಗನ್ನು ಹೊರತುದಿಯಲ್ಲೇ ಪ್ಲೇಟ್ ಹಾಕಿ ಬೋಲ್ಟ್ ಮಾಡಿರುತ್ತಾರೆ, ಈ ಭಯ ಇಲ್ಲ. 8.8ಕ್ಕೂ ಹಾಗೆ ಬದಲಾಯಿಸಲು ಕಿಟ್ ಸಿಗುತ್ತದೆ. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ, ಕಾಲು ಮೈಲಿಯನ್ನು 10.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಇದನ್ನು ಕಡ್ಡಾಯ ಮಾಡಿದೆ. ನಿಮ್ಮ ಕಾರು ಅಷ್ಟು ಓಡದಿದ್ದರೂ ಮಾಡಿಸಿ. ಪಕ್ಕದ ಸೀಟಿನಲ್ಲಿ ಕೂರುವುದು ಮನೆಯವರೇ ಅಲ್ವಾ.

ಡಿಫರೆನ್ಷಿಯಲ್ ಒಳಗೆ ಏನು ಹಾಕಬೇಕು? ರಸ್ತೆಗೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಜಾರಿ ಸುತ್ತದ ಹಾಗೆ ತಡೆಯುವಂಥದ್ದು. ಸ್ಪೂಲ್ ಹಾಕಿದರೆ ಎರಡೂ ಚಕ್ರ ಸದಾ ಒಟ್ಟಿಗೇ ತಿರುಗುತ್ತವೆ. ತಿರುವಿನಲ್ಲಿ ಟೈರ್ ಎಳೆದಾಡುತ್ತದೆ, ಮಳೆಯಲ್ಲಿ ಅಪಾಯ. ಅದು ರೇಸ್ ಟ್ರ್ಯಾಕಿಗೆ ಮಾತ್ರ.

ಆರ್ಡರ್ ಮಾಡುವ ಮುಂಚೆ ಟೇಪ್ ಹಿಡಿಯಿರಿ

ಒಂದು ಚಕ್ರ ಕೂರುವ ಮುಖದಿಂದ ಇನ್ನೊಂದರ ಮುಖದವರೆಗೆ ಅಳೆಯಿರಿ. ಸಸ್ಪೆನ್ಷನ್ ಬ್ರ್ಯಾಕೆಟ್‌ಗಳ ಜಾಗ ಬರೆದಿಟ್ಟುಕೊಳ್ಳಿ. ಕಮಾರೋದಲ್ಲಿ ಉದ್ದನೆಯ ಟಾರ್ಕ್ ಆರ್ಮ್ (ಆಕ್ಸಲ್ ತಿರುಚದ ಹಾಗೆ ಹಿಡಿಯುವ ತೋಳು) ಇದೆ, ಮಸ್ಟಾಂಗ್‌ನದು ಬೇರೆ, ಹಳೆ ಕಾರುಗಳಲ್ಲಿ ಪಟ್ಟಿ ಸ್ಪ್ರಿಂಗ್. ಪಿನಿಯನ್ ಹಿಂದೆ ಮುಂದೆ ಆದರೆ ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಬದಲಾಗುತ್ತದೆ. ಎಬಿಎಸ್ ಸೆನ್ಸರ್ ಮರೆಯಬೇಡಿ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಕೈ ಹಾಕಬೇಡಿ.

ಜೋಡಿಸಿದ ಮೇಲೆ

ಕ್ರೌನ್, ಪಿನಿಯನ್ ಕೂರಿಸುವುದು ಅನುಭವಸ್ಥರ ಕೆಲಸ. ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿದಾಗ ಬೀಳುವ ಗುರುತನ್ನು ನಿಮಗೂ ತೋರಿಸಲು ಹೇಳಿ. ಗುರುತು ಹಲ್ಲಿನ ತುದಿಗೂ ಬುಡಕ್ಕೂ ಅಂಟದೆ ನಡುವೆ ಬಿದ್ದಿರಬೇಕು.

ಮೊದಲ ದಿನ 25 ಕಿ.ಮೀ. ನಿಧಾನವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿ. 800 ಕಿ.ಮೀ. ತನಕ ಜೋರಾಗಿ ಎಳೆಯಬೇಡಿ. ಆಮೇಲೆ ಎಣ್ಣೆ ಬದಲಾಯಿಸಿ. ಹಳೆ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೆಳ್ಳಿ ಬಣ್ಣದ ನುಣ್ಣನೆ ಪುಡಿ ಇದ್ದರೆ ಪರವಾಗಿಲ್ಲ, ಹಲ್ಲು ಹೊಂದಿಕೊಳ್ಳುವಾಗ ಅಷ್ಟು ಸವೆಯುತ್ತದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಎಣ್ಣೆ ಹಾಕಬೇಡಿ. ಡಿಫರೆನ್ಷಿಯಲ್ ಬಿಚ್ಚಿ ನೋಡಿ.