ಹ್ಯಾಂಗೋವರ್‌ಗೆ ಎಳನೀರಿಗಿಂತ ಉಪ್ಪು-ಸಕ್ಕರೆ ನೀರೇ ವಾಸಿ: ನನ್ನ ಅನುಭವ

ರಾತ್ರಿ ಹೆಚ್ಚು ಕುಡಿದು ಬೆಳಿಗ್ಗೆ ತಲೆ ಹಿಡಿದು ಕೂರುವ ನನ್ನ ಗೆಸ್ಟ್‌ಗಳಿಗೆ ನಾನು ಕೊಡುವುದು ಉಪ್ಪು-ಸಕ್ಕರೆ ನೀರು. "ಭೇದಿಗೆ ಕೊಡೋ ನೀರನ್ನ ಗೆಸ್ಟ್‌ಗಳಿಗೆ ಕೊಡ್ತೀರಾ?" ಅಂತ ನಕ್ಕ ಹೋಮ್‌ಸ್ಟೇ ಮಂದಿಯೇ ಈಗ ಅಳತೆ ಕೇಳುತ್ತಿದ್ದಾರೆ.

ಒಂದು ಕ್ವಾರ್ಟರ್ ವಿಸ್ಕಿ ಅಂದರೆ 180 ಮಿ.ಲೀ., ಅದರಲ್ಲಿ ಆಲ್ಕೋಹಾಲ್ ಸುಮಾರು 60 ಗ್ರಾಂ. ಲಿವರ್ ಕರಗಿಸುವುದು ಗಂಟೆಗೆ ಎಂಟ್ಹತ್ತು ಗ್ರಾಂ. ನಿಂಬೆಹಣ್ಣಾಗಲಿ ಕಾಫಿಯಾಗಲಿ ಈ ಲೆಕ್ಕ ಬದಲಿಸುವುದಿಲ್ಲ. ಬೆಳಿಗ್ಗೆ ಇನ್ನೊಂದು ಪೆಗ್ ಹಾಕಿದರೆ ಸಂಕಟ ಮಧ್ಯಾಹ್ನಕ್ಕೆ ಮುಂದೂಡಿದಂತೆ, ಅಷ್ಟೇ. ನಮ್ಮ ಕೈಲಿರುವುದು ದಾಹ, ಸುಸ್ತು, ಹೊಟ್ಟೆಯ ಸಂಕಟ ಇಳಿಸುವುದಷ್ಟೇ.

ಖಾಲಿ ಹೊಟ್ಟೆಗೆ ಗಟ್ಟಿ ನಿಂಬೆ ಶರಬತ್ತು ಕೊಟ್ಟರೆ ವಾಂತಿ ಗ್ಯಾರಂಟಿ. ಎಳನೀರಿಗೆ ಈಗ ಐವತ್ತು-ಅರವತ್ತು ರೂಪಾಯಿ. ವೀಕೆಂಡ್ ಗುಂಪಿಗೆ ಇಪ್ಪತ್ತು ಇಳಿಸಿದರೆ ಸಾವಿರ ದಾಟುತ್ತದೆ. ಅಷ್ಟು ಸುರಿದರೂ ಅದರಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ, ಅಂದರೆ ಉಪ್ಪಿನಂಶ, ಕಮ್ಮಿ. ಕೊಡಲೇಬೇಕಿದ್ದರೆ ಒಂದು ಚಿಟಿಕೆ ಉಪ್ಪು ಬೆರೆಸಿ ಕೊಡಿ.

ನಾನು ಮಾಡುವುದು: ಕುದಿಸಿ ಆರಿಸಿದ ಒಂದು ಲೀಟರ್ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಎರಡನ್ನೂ ಚಾಕುವಿನ ಬೆನ್ನಲ್ಲಿ ಸವರಿ ಮಟ್ಟ ಮಾಡಿ. ಖರ್ಚು ಎರಡು ರೂಪಾಯಿ ಆದೀತು. ಕೆಡುವುದೆಲ್ಲ ಅಳತೆಯಲ್ಲೇ: ಉಪ್ಪು ಗುಪ್ಪೆಯಾದರೆ ಓಕರಿಕೆ, ಸಕ್ಕರೆ ಹೆಚ್ಚಾದರೆ ಕರುಳು ನೀರೆಳೆದು ಹೊಟ್ಟೆ ಸಡಿಲ. ಕಣ್ಣೀರಿಗಿಂತ ಉಪ್ಪಾಗಿರಬಾರದು. ಗಟಗಟ ಕುಡಿಸಬೇಡಿ, ಐದು ನಿಮಿಷಕ್ಕೊಮ್ಮೆ ಕಾಲು ಲೋಟ. ಬಿಪಿ, ಕಿಡ್ನಿ ತೊಂದರೆ ಇದ್ದವರಿಗೆ ಬೇಡ.

ಗಂಟೆ ಕಳೆದ ಮೇಲೆ ಮೆತ್ತಗಿನ ಅನ್ನ, ತಿಳಿಸಾರು. ಸಾರಿಗೆ ನಾನು ಹಾಕುವ ಮೆಣಸು-ಜೀರಿಗೆ ಪ್ರಮಾಣ ಮಾತ್ರ ಕೇಳಬೇಡಿ, ಗೆಸ್ಟ್‌ಗಳು ಮತ್ತೆ ಬರುವುದೇ ಅದಕ್ಕೆ. ಮಜ್ಜಿಗೆಗೆ ಎರಡನೇ ಸ್ಥಾನ: ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಉಪ್ಪು, ಶುಂಠಿ; ಹಸಿಮೆಣಸು ಬೇಡ. ರಾಗಿ ಅಂಬಲಿಯನ್ನೂ ನೋಡಿದ್ದಾಯಿತು. ಸುಸ್ತಿಗೆ ಚೆನ್ನ, ಆದರೆ ಹುಳಿ ಬಂದಿದ್ದರೆ ಎದೆಯುರಿ ಕೆರಳುತ್ತದೆ. ದಿನಾ ಕಾಫಿ ಕುಡಿಯುವವರಿಗೆ ತಿಂಡಿಯ ನಂತರ ಅರ್ಧ ಲೋಟ ಫಿಲ್ಟರ್ ಕಾಫಿ ಕೊಡಿ. ಅವರ ತಲೆನೋವಿನಲ್ಲಿ ಒಂದಂಶ ಕಾಫಿ ತಪ್ಪಿದ್ದರದ್ದು.

ಉಳಿದ ತಲೆನೋವಿಗೆ ನನ್ನಲ್ಲಿ ಮದ್ದಿಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪರಿಶೀಲನೆಗೂ ಗಟ್ಟಿ ಪುರಾವೆ ಇರುವ ಮದ್ದು ಒಂದೂ ಸಿಗಲಿಲ್ಲ. ಪ್ಯಾರಾಸಿಟಮಾಲ್ ನುಂಗಿಸಬೇಡಿ, ಲಿವರ್‌ಗೆ ಅಪಾಯ. ಐಬುಪ್ರೊಫೆನ್ ಹೊಟ್ಟೆ ಸುಡುತ್ತದೆ. ಎಬ್ಬಿಸಿದರೂ ಏಳದವರ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ, ಆಸ್ಪತ್ರೆಗೆ ಸಾಗಿಸಿ.

ನಿಜವಾದ ಕೆಲಸ ಹಿಂದಿನ ರಾತ್ರಿಯದು. ಮೊದಲ ಪೆಗ್‌ಗೂ ಮುಂಚೆ ಊಟ, ಪೆಗ್‌ಗೊಂದು ಲೋಟ ನೀರು. ಊಟ ಹನ್ನೊಂದಕ್ಕೆ ಬಡಿಸುವ ಕಡೆ ಬೆಳಿಗ್ಗೆ ಬಕೆಟ್ ಹಿಡಿಯುವುದು ತಪ್ಪದು.

ನೀರು ಕುಡಿದು ಮುಖ ಅರಳಿತೆಂದು ಕಾರಿನ ಕೀ ಕೊಡಬೇಡಿ. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ಮೀರಿದರೆ ಕೇಸು. ಹಾಫ್ ಬಾಟಲಿ ಮುಗಿಸಿದವರಿಗೆ ಮರುದಿನ ಮಧ್ಯಾಹ್ನದ ಊಟವೂ ನಿಮ್ಮಲ್ಲೇ ಆಗಲಿ, ಬಿಲ್ಲಿಗೆ ಸೇರಿಸಿಕೊಳ್ಳಿ.