ಉತ್ತರ ಬೆಂಗಳೂರಿನ ಬೆಟ್ಟಗಳಲ್ಲಿ ಓಟದ ದಾರಿ ಹೂಡುವುದು: ನನ್ನ ಅನುಭವ

ಹೆಸರಘಟ್ಟದ ಹುಲ್ಲುಗಾವಲಿನಿಂದ ದೊಡ್ಡಬಳ್ಳಾಪುರ ದಾಟಿ ನಂದಿ ಬೆಟ್ಟದ ಸಾಲಿನವರೆಗೆ ಓಡುವವರಿಗೆ ಬೇಕಾದ ನೆಲವೆಲ್ಲ ಇದೆ: ಗೋಮಾಳ, ಕೆರೆ ಏರಿ, ಬಂಡಿ ದಾರಿ, ಬರಿಯ ಬಂಡೆ, ಕಲ್ಲಿನ ಮೆಟ್ಟಿಲು. ಬನ್ನೇರುಘಟ್ಟ, ಕನಕಪುರದ ಕಡೆ ಆನೆಗಳ ಓಡಾಟ ಇರುವುದರಿಂದ ಅಲ್ಲಿ ನಾನು ದಾರಿ ಹುಡುಕುವುದಿಲ್ಲ. ಉತ್ತರದಲ್ಲಿ ದಾರಿ ಹೂಡಲು ಕೂತಾಗ ಮೊದಲು ತಿಂಗಳು ನೋಡುತ್ತೇನೆ, ಕಿಲೋಮೀಟರ್ ಲೆಕ್ಕ ಆಮೇಲೆ. ಮಾರ್ಚ್‌ನಲ್ಲಿ ಸಲೀಸಾಗಿ ಓಡಿದ ಜಾಗ ಅಕ್ಟೋಬರ್‌ನಲ್ಲಿ ಎದೆಯೆತ್ತರದ ಹುಲ್ಲಾಗಿರುತ್ತದೆ, ಇಲ್ಲವೇ ರಾಗಿ ಹೊಲವಾಗಿರುತ್ತದೆ.

ನಕ್ಷೆಯ ಕೆಲಸಕ್ಕೆ ಮೂರು ಮೂಲ ಸಾಕು. ಮೊದಲನೆಯದು ಸರ್ವೆ ಆಫ್ ಇಂಡಿಯಾದ 1:50,000 ಭೂಪಟ. ನಂದಿ ಬೆಟ್ಟ ಇರುವುದು ಹಳೆಯ ಸಂಖ್ಯೆಯ 57 ಜಿ/11 ಹಾಳೆಯಲ್ಲಿ, ಹೆಸರಘಟ್ಟ 57 ಜಿ/8ರಲ್ಲಿ. ಹಾಳೆಯ ಮೇಲಿನ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವಿನ ಎತ್ತರದ ಅಂತರ 20 ಮೀಟರ್. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು, ಏಕೆಂದರೆ 15 ಮೀಟರ್ ಎತ್ತರದ ಕಡಿದಾದ ಬಂಡೆಯೊಂದು ಎರಡು ರೇಖೆಗಳ ನಡುವೆ ಪೂರ್ತಿ ಅಡಗಿಬಿಡಬಹುದು. ಆದ್ದರಿಂದ ಅದೇ ಜಾಗವನ್ನು ಉಪಗ್ರಹ ಚಿತ್ರದಲ್ಲಿ ಬೇರೆ ಬೇರೆ ತಿಂಗಳಿಗೆ ತಿರುಗಿಸಿ ನೋಡುತ್ತೇನೆ. ಬೇಸಿಗೆಯ ಚಿತ್ರದಲ್ಲಿ ಕಾಲುದಾರಿ ಬಿಳಿ ಗೆರೆಯಂತೆ ಎದ್ದು ಕಾಣುತ್ತದೆ. ಮಳೆಗಾಲದ ಚಿತ್ರದಲ್ಲೂ ಅದೇ ಗೆರೆ ಉಳಿದಿದ್ದರೆ ಜನ, ಕುರಿ ಅಲ್ಲಿ ವರ್ಷವಿಡೀ ಓಡಾಡುತ್ತಾರೆ ಎಂದರ್ಥ. ಅಂಥ ಗೆರೆಯನ್ನೇ ನಂಬುವುದು.

ಮೂರನೆಯ ಮೂಲ ಕಂದಾಯದ ಗ್ರಾಮ ನಕ್ಷೆ. ಓಡುವವರಲ್ಲಿ ಇದನ್ನು ಬಳಸುವವರು ಕಡಿಮೆ, ಆದರೆ ಹೊಲಗಳ ನಡುವೆ ದಾರಿ ಬೇಕಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಕಾಲುದಾರಿ ಒಂಟಿ ಚುಕ್ಕೆ ಗೆರೆಯಲ್ಲಿ, ಬಂಡಿ ದಾರಿ ಜೋಡಿ ಗೆರೆಯಲ್ಲಿ ಇರುತ್ತದೆ. ನೆಲದ ಮೇಲೆ ನಿಂತು ಅನುಮಾನ ಬಂದಾಗ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ ‘ಬಿ’ ಖರಾಬಿನಲ್ಲಿ, ಅಂದರೆ ಸಾಗುವಳಿಗಲ್ಲದ ನೆಲದ ಲೆಕ್ಕದಲ್ಲಿ, ಬರುತ್ತದೆ. ಆದರೆ ನಕ್ಷೆಯಲ್ಲಿ ದಾರಿ ಇದ್ದ ಮಾತ್ರಕ್ಕೆ ನೆಲದ ಮೇಲೆ ಇರುತ್ತದೆ ಎನ್ನುವಂತಿಲ್ಲ. ದ್ರಾಕ್ಷಿ ತೋಟ, ಹೊಸ ಲೇಔಟ್, ಕಲ್ಲು ಕ್ವಾರಿ ಬಂದ ಕಡೆ ದಾರಿ ಮುಚ್ಚಿಹೋಗಿರುತ್ತದೆ. ಬೇಲಿ ಹಾರಿ ವಾದಕ್ಕಿಳಿಯುವುದು ಬೇಡ, ಸುತ್ತಿ ಹೋಗುವ ಇನ್ನೊಂದು ಗೆರೆಯನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು.

ದಾರಿ ಕೇಳುವುದಕ್ಕೂ ಒಂದು ಕ್ರಮ ಇದೆ. ‘ಅಣ್ಣಾ, ಇದು ಕೆರೆಗೆ ಹೋಗುತ್ತಾ?’ ಎಂದರೆ ಬಹುಪಾಲು ಜನ ಹೂಂ ಎನ್ನುತ್ತಾರೆ. ‘ಇದು ಎಲ್ಲಿಗೆ ಹೋಗುತ್ತೆ? ಬೈಕ್ ಹೋಗುತ್ತಾ?’ ಎಂದು ಕೇಳಿದರೆ ದಿಕ್ಕೂ ಗೊತ್ತಾಗುತ್ತದೆ, ಅಗಲವೂ ಗೊತ್ತಾಗುತ್ತದೆ. ಕುರಿ ಕಾಯುವವರಿಗೆ ಗೊತ್ತಿರುವಷ್ಟು ಬೆಟ್ಟದ ದಾರಿ ಬೇರೆ ಯಾರಿಗೂ ಗೊತ್ತಿಲ್ಲ.

ಇನ್ನು ತಿಂಗಳ ಲೆಕ್ಕ. ಮಳೆಯಾಶ್ರಿತ ರಾಗಿ ಜುಲೈ ಸುಮಾರಿಗೆ ಬಿತ್ತನೆಯಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಆ ಅವಧಿಯಲ್ಲಿ ಹೊಲದ ಒಳಗೆ ಕಾಲಿಡುವುದೇ ಇಲ್ಲ, ಬದುವಿನ ಮೇಲೂ ಓಡುವುದಿಲ್ಲ; ಬದುವಿನ ಅಂಚಿನಲ್ಲಿ ಅವರೆ, ತೊಗರಿ ಇರುತ್ತದೆ, ಹುಲ್ಲಿನ ಕೆಳಗೆ ಹಾವು ಕಾಣುವುದಿಲ್ಲ. ಕೊಯ್ಲಾದ ಮೇಲೆ ಒಕ್ಕಣೆಗೆಂದು ಟಾರು ರಸ್ತೆಯ ಮೇಲೇ ರಾಗಿ ಹುಲ್ಲು ಹರಡಿರುತ್ತಾರೆ. ಅದು ಬೆಳಗಿನ ಮಂಜಿಗೆ ವಿಪರೀತ ಜಾರುತ್ತದೆ, ಮೇಲಾಗಿ ಅದು ಅವರ ವರ್ಷದ ಬೆಳೆ. ಪಕ್ಕದಲ್ಲಿ ನಡೆದು ದಾಟಬೇಕು. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿಗೆ ಜೋರು ಮಳೆಯ ಕಾಲ, ಕೆರೆ ಕೋಡಿ ಹರಿದರೆ ಏರಿಯ ದಾರಿ ಅಲ್ಲಿಗೇ ಕಡಿದುಹೋಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಒಣ ಹುಲ್ಲಿಗೆ ಬೆಂಕಿ ಬೀಳುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಹೊಗೆ ಕಂಡರೆ ಮೇಲೆ ಹತ್ತಬಾರದು, ಬೆಂಕಿ ಏರುಮುಖದಲ್ಲಿ ಬೇಗ ಓಡುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಇರುವುದರಿಂದ ಬೋಳು ಬಂಡೆಯ ಮೇಲಿನ ಓಟವನ್ನು ಬೆಳಗ್ಗೆ ಹತ್ತರೊಳಗೆ ಮುಗಿಸುತ್ತೇನೆ.

ಕಾಲು ಜಾರುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ಬಂಡೆಯ ಮೇಲಿನ ಕಪ್ಪು ಪಟ್ಟೆ. ಮಳೆ ನೀರು ಹರಿಯುವ ಜಾಡಿನಲ್ಲಿ ಪಾಚಿ ಬೆಳೆದು ಒಣಗಿ ಕಪ್ಪಾಗಿರುತ್ತದೆ. ಒಣಗಿದಾಗ ಏನೂ ಮಾಡುವುದಿಲ್ಲ, ಇಬ್ಬನಿ ಬಿದ್ದರೂ ಸಾಕು, ನಿಲ್ಲಲು ಆಗುವುದಿಲ್ಲ. ಪಕ್ಕದ ಬೂದು ಬಣ್ಣದ ಒರಟು ಕಲ್ಲಿನ ಮೇಲೆ ಹೋಗಬೇಕು. ಎರಡು, ಗಟ್ಟಿ ಬಂಡೆಯ ಮೇಲೆ ತೆಳ್ಳಗೆ ಹರಡಿದ ಗರಸು. ರಾಗಿ ಚೆಲ್ಲಿದ ನೆಲದ ಮೇಲೆ ಹೆಜ್ಜೆ ಇಟ್ಟ ಹಾಗೆ ಕಾಲು ಓಡಿಹೋಗುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದಿರಬೇಕು, ಮೈ ಹಿಂದಕ್ಕೆ ವಾಲಬಾರದು. ಹಿಂದೆ ವಾಲಿದರೆ ಹಿಮ್ಮಡಿ ಮೊದಲು ತಾಗಿ ಅಲ್ಲೇ ಜಾರುತ್ತದೆ. ಶೂ ತಳದ ಹಲ್ಲು 4 ಮಿ.ಮೀ. ಸುಮಾರಿಗೆ ಇದ್ದರೆ ಈ ನೆಲಕ್ಕೆ ಸರಿ. ಇನ್ನೂ ಆಳದ ಹಲ್ಲು ಕೆಸರಿಗೆ ಒಳ್ಳೆಯದು, ಬಂಡೆಯ ಮೇಲೆ ತಾಗುವ ರಬ್ಬರ್ ಕಡಿಮೆಯಾಗಿ ಹಿಡಿತ ತಪ್ಪುತ್ತದೆ. ಉದ್ದ ಸಾಕ್ಸ್ ಹಾಕಿಕೊಳ್ಳಿ, ಮನೆಗೆ ಬಂದ ಮೇಲೆ ಮೊಣಕಾಲ ಹಿಂಭಾಗ, ಸೊಂಟದ ಸುತ್ತ ಉಣ್ಣಿ ಕಚ್ಚಿದೆಯೇ ಎಂದು ನೋಡಿಕೊಳ್ಳಿ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ನಡಿಗೆಗೆ ಕೊಟ್ಟ ಸೂತ್ರವನ್ನೇ ಓಟಕ್ಕೆ ಹೊಂದಿಸಿಕೊಂಡಿದ್ದೇನೆ. ಸಮತಟ್ಟು ದಾರಿಗೆ ಕಿಲೋಮೀಟರಿಗೆ 7 ನಿಮಿಷ, ಪ್ರತಿ 100 ಮೀಟರ್ ಏರಿಗೆ ಇನ್ನೂ 10 ನಿಮಿಷ. 14 ಕಿ.ಮೀ. ದೂರ, 550 ಮೀಟರ್ ಏರು ಇದ್ದರೆ 98 ಮತ್ತು 55, ಒಟ್ಟು 153 ನಿಮಿಷ. ಇಳಿಜಾರಿಗೆ ಏನೂ ಕಳೆಯುವುದಿಲ್ಲ, ಕಲ್ಲು ಮೆಟ್ಟಿಲು ಇಳಿಯುವಾಗ ಸಮಯ ಉಳಿಯುವುದಿಲ್ಲ. ನೀರನ್ನು ಈ ಸಮಯದ ಮೇಲೆ ಲೆಕ್ಕ ಹಾಕುತ್ತೇನೆ: ಜನವರಿಯಲ್ಲಿ ಗಂಟೆಗೆ ಅರ್ಧ ಲೀಟರ್, ಏಪ್ರಿಲ್‌ನಲ್ಲಿ ಮುಕ್ಕಾಲು. ಅಂದರೆ ಇದೇ ದಾರಿಗೆ ಚಳಿಯಲ್ಲಿ 1.3 ಲೀಟರ್, ಬೇಸಿಗೆಯಲ್ಲಿ ಸುಮಾರು 2 ಲೀಟರ್ ಬೇಕು. ಅಷ್ಟನ್ನೂ ಹೊರುವ ಅಗತ್ಯವಿಲ್ಲ, ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತದೆ. ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುವಷ್ಟು ನೀರು ಒಮ್ಮೆಗೇ ಸುರಿಯುವುದರಿಂದ, ಕ್ಯಾನ್ ತುಂಬಿಸುತ್ತಿರುವವರನ್ನು ಕೇಳಿ ಬಾಟಲಿ ಹಿಡಿಯುವುದು ಸರಿಯಾದ ಕ್ರಮ. ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಹೊಲದ ಪಂಪ್‌ಸೆಟ್ ನೀರನ್ನು ತಲೆಗೆ, ಕತ್ತಿಗೆ ಮಾತ್ರ ಬಳಸುತ್ತೇನೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಗಟ್ಟಿಯಾಗಿ ಬೆರೆಸಿದರೆ ಹೊಟ್ಟೆ ತೊಳೆಸುತ್ತದೆ.

ಹೊಸಬರಿಗೆ ಏರಿನ ಅಭ್ಯಾಸಕ್ಕೆ ನಂದಿ ಗ್ರಾಮದ ಕಡೆಯಿಂದ ಹೊರಡುವುದು ಒಳ್ಳೆಯದು. ಭೋಗನಂದೀಶ್ವರ ದೇವಸ್ಥಾನದ ಬಳಿ ಕಾಲು ಸಡಿಲಿಸಿಕೊಂಡು ಸುಲ್ತಾನಪೇಟೆಗೆ ಬಂದರೆ ಅಲ್ಲಿಂದ ಕೋಟೆಗೆ ಹಳೆಯ ಕಲ್ಲು ಮೆಟ್ಟಿಲು ಹತ್ತುತ್ತದೆ. ತುದಿ 1,478 ಮೀಟರ್, ಬುಡದಿಂದ ಸುಮಾರು 500 ಮೀಟರ್ ಏರು. ಇದನ್ನು ಓಡಬೇಡಿ, ತೊಡೆಯ ಮೇಲೆ ಕೈಯೂರಿ ಒಂದೇ ಲಯದಲ್ಲಿ ನಡೆಯಿರಿ. ವಾಹನಗಳ ರಸ್ತೆಯಲ್ಲಿ ಇಳಿಯುವುದನ್ನು ನಾನು ಒಪ್ಪುವುದಿಲ್ಲ, ವಾರಾಂತ್ಯದ ತಿರುವುಗಳಲ್ಲಿ ಬೈಕುಗಳ ವೇಗ ಅಪಾಯಕಾರಿ. ಸ್ಕಂದಗಿರಿ, ಮಾಕಳಿದುರ್ಗಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು. ಮಾಕಳಿದುರ್ಗಕ್ಕೆ ರೈಲಿನಲ್ಲಿ ಹೋಗಬಹುದು, ಆದರೆ ನಿಲ್ದಾಣದಿಂದ ಹಳಿಯ ಗುಂಟ ಓಡಬಾರದು. ಅದು ಕಾನೂನಿಗೆ ವಿರುದ್ಧ, ತಿರುವಿನಲ್ಲಿ ರೈಲು ಕೇಳಿಸುವುದೂ ತಡ. ಹೆಸರಘಟ್ಟದಲ್ಲಿ ಏರು ಇಲ್ಲ, ಗಾಳಿ ಇದೆ. ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳಿವೆ, ಚಳಿಗಾಲದಲ್ಲಿ ವಲಸೆ ಬರುವ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು) ರಾತ್ರಿ ತಂಗುವುದೂ ಹುಲ್ಲಿನೊಳಗೇ. ಹಾಗಾಗಿ ಈಗಾಗಲೇ ಸವೆದ ಜಾಡನ್ನು ಬಿಟ್ಟು ಹುಲ್ಲಿಗೆ ಇಳಿಯಬಾರದು.

ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ, ಆದ್ದರಿಂದ ಪೂರ್ತಿ ಬೆಳಕು ಹರಿದ ಮೇಲೆಯೇ, ಇಬ್ಬರಾದರೂ ಜೊತೆಗೂಡಿ, ಮಾತಾಡುತ್ತ ಹೊರಡಬೇಕು. ಕಡಿದಾದ ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಆ ದಾರಿಯನ್ನು ಆ ಋತುವಿಗೆ ಕೈಬಿಡುತ್ತೇನೆ. ಕುರಿ ಹಿಂಡಿನ ನಾಯಿಗಳಿಗೆ 50 ಮೀಟರ್ ದೂರ ಬಿಟ್ಟು ನಡೆದು ಹೋಗಬೇಕು, ಓಡುವುದನ್ನು ಕಂಡರೆ ಅವು ಅಟ್ಟುತ್ತವೆ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ; ಕಾಲು ಅಲುಗಿಸದೆ ಕೂತು 108ಕ್ಕೆ ಕರೆ ಮಾಡಬೇಕು. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಸಿಗ್ನಲ್ ಸಿಗದಿರಬಹುದು, ಅದಕ್ಕೇ ದಾರಿಯ ಫೈಲನ್ನೂ ಇಷ್ಟು ಹೊತ್ತಿಗೆ ಕೆಳಗಿರುತ್ತೇನೆ ಎಂಬ ಸಮಯವನ್ನೂ ಹೊರಡುವ ಮೊದಲೇ ಮನೆಯವರಿಗೆ ಕಳಿಸಿರಬೇಕು.